ಎಲ್ಲರಿಗೂ ಮೊದಲ ಸಾಲೇ ಬೇಕು

೨೦೧೯ರ ಮಾರ್ಚ್ ೧೨, ಮಂಗಳವಾರ, ಬೆಳಿಗ್ಗೆ ಒಂಬತ್ತು ನಲವತ್ತು. ಆಸ್ಪತ್ರೆಯ ಹಿರಿಯ ದಾದಿ ಒಂದು ಕೈಯಲ್ಲಿ ಮೊಬೈಲ್, ಇನ್ನೊಂದರಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದಳು. ಆಂಬುಲೆನ್ಸ್ ಕರೆಯುವ ಆ್ಯಪ್ ತೆರೆದು, ಕೆಂಪು ಗುಂಡಿ ಕಾಣಿಸುವಷ್ಟರಲ್ಲಿ ಹದಿನಾಲ್ಕು ಸೆಕೆಂಡು ಕಳೆದಿತ್ತು.

"ಇಷ್ಟರಲ್ಲಿ ರೋಗಿ ನಡ್ಕೊಂಡೇ ಬಂದುಬಿಡ್ತಾನೆ. ಶುಕ್ರವಾರ ಮತ್ತೆ ನೋಡ್ತೀನಿ. ಎರಡು ಸೆಕೆಂಡು ದಾಟಿದ್ರೆ ನಿಮ್ಮ ಆ್ಯಪ್ ಬೇಡ, ಗೋಡೆ ಮೇಲಿನ ಫೋನ್ ನಂಬರೇ ಸಾಕು."

ಆ್ಯಪ್ ಬರೆದವಳು ಎದುರಿಗೇ ನಿಂತು ಕೇಳಿಸಿಕೊಂಡಳು. ಮೂರು ವರ್ಷ ಬೆವರು ಸುರಿಸಿ ಬೆಳೆಸಿದ ಕೂಸು ಅದು.

ಕಚೇರಿಗೆ ಬಂದವಳೇ ಆ್ಯಪ್ ತೆರೆದೊಡನೆ ಓಡುವ ಫೈಲನ್ನು ಬಿಚ್ಚಿದಳು. ಮೂವತ್ತೊಂದು ಕೆಲಸಗಳು ಸಾಲುಗಟ್ಟಿ ನಿಂತಿದ್ದವು. ಕಚೇರಿಯಲ್ಲಿ ಕೋಡ್ ಬರೆದವರೆಲ್ಲ ತಮ್ಮ ಕೆಲಸವನ್ನು ಸಾಲಿನ ನೆತ್ತಿಗೇ ತುರುಕಿ, ಪಕ್ಕದಲ್ಲಿ "ಇದೇ ಮೊದಲು ಆಗಬೇಕು" ಎಂದು ಬರೆದಿದ್ದರು. ಅಂಥ ಟಿಪ್ಪಣಿಗಳು ಹತ್ತೊಂಬತ್ತಿದ್ದವು.

"ನಿನ್ನ ನಕ್ಷೆ ಆಮೇಲೆ ಬರಲಿ," ಎಂದಳು, ನಕ್ಷೆಯ ಭಾಗ ಬರೆದಿದ್ದ ಎದುರು ಮೇಜಿನವನಿಗೆ.

"ಅಕ್ಕಾ, ನಕ್ಷೆ ಇಲ್ದೆ ಆಂಬುಲೆನ್ಸ್ ಎಲ್ಲಿಗೆ ಹೋಗ್ಬೇಕು, ನಿಮ್ಮನೆಗಾ?"

"ಗುಂಡಿ ಒತ್ತಿದ ಮೇಲೆ ರೋಗಿ ಇರೋ ಜಾಗ ಡ್ರೈವರಿಗೆ ತಾನಾಗೇ ಹೋಗತ್ತೆ. ನಕ್ಷೆ ಬರೀ ನೋಡೋಕೆ."

ಅವನು ಮುಖ ಊದಿಸಿಕೊಂಡ. ಕಂಪನಿಯ ಮಾಲೀಕರು ತಮ್ಮ ನಗುಮುಖದ ಚಿತ್ರ ಮೊದಲು ಬರಲೇಬೇಕೆಂದರು; "ಉಸಿರು ಕಟ್ಟಿದವನಿಗೆ ನಿಮ್ಮ ಮುಖ ಯಾಕೆ ಸಾರ್?" ಎಂದು ಅವಳು ಅದನ್ನೂ ಹಿಂದಕ್ಕೆ ಹಾಕಿದಳು. ಗುಂಡಿ ಮುಂದೆ, ಉಳಿದವರೆಲ್ಲ ಹಿಂದೆ.

ಅಳೆದಳು. ಆರೂವರೆ ಸೆಕೆಂಡು!

ಒಂದೊಂದೇ ಸಾಲಿಗೆ ಕಾಲಮಾಪಕ ಕಟ್ಟಿ ಹುಡುಕಿದಳು. ಕಳ್ಳ ಸಿಕ್ಕ. "ಐದು ಸೆಕೆಂಡು ಸುಮ್ಮನೆ ಕಾಯಿ" ಎಂಬ ಆಜ್ಞೆ. ಪಕ್ಕದಲ್ಲೇ ಟಿಪ್ಪಣಿ: "ತಾತ್ಕಾಲಿಕ. ನಾಳೆ ತೆಗೆಯುತ್ತೇನೆ." ಬರೆದವರ ಹೆಸರು ಅವಳದೇ, ಮೂರು ವರ್ಷದ ಹಿಂದಿನದು. ನಿಧಾನದ ನೆಟ್‌ವರ್ಕಿನಲ್ಲಿ ಮಾಹಿತಿ ಬರುವ ಮುನ್ನ ಪರದೆ ಖಾಲಿ ಕಾಣುತ್ತಿದ್ದಾಗ ಹಚ್ಚಿದ ತೇಪೆ; ಗುಂಡಿಯೇ ಮೊದಲು ಬರುವಾಗ ಅದು ಬೇಕಿರಲಿಲ್ಲ.

ಸದ್ದಿಲ್ಲದೆ ಅಳಿಸಬಹುದಿತ್ತು. ಆದರೆ ನಕ್ಷೆಯವನ ಊದಿದ ಮುಖ ಕಣ್ಣೆದುರೇ ಇತ್ತು.

"ಇಲ್ಲಿ ಬಾರೋ. ಅತಿ ದೊಡ್ಡ ಸೋಮಾರಿ ಸಾಲು ನಂದೇ."

ಅವನು ಇಣುಕಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ಅಳಿಸು ಅಕ್ಕಾ, 'ನಾಳೆ' ಅನ್ನಬೇಡ."

ಅಳಿಸಿದಳು.

ಶುಕ್ರವಾರ ದಾದಿ ಆ್ಯಪ್ ತೆರೆದಳು. ಕೆಂಪು ಗುಂಡಿ ಕಂಡೊಡನೆ ಸ್ಟಾಪ್‌ವಾಚ್ ನಿಲ್ಲಿಸಿ, ನಂಬಿಕೆ ಸಾಲದೆ ಇನ್ನೂ ಎರಡು ಸಲ ತೆರೆದು ಅಳೆದಳು. ಆಮೇಲೆ ತನ್ನ ಪುಸ್ತಕದಲ್ಲಿ ಬರೆದುಕೊಂಡಳು: ಮೂರು ಸಲದ ಸರಾಸರಿ, ೧.೫ ಸೆಕೆಂಡು.