ಬಲಗೈ ಎತ್ತಿದವರು

ನನಗೆ ಸಿಟ್ಟು ಬಂದರೆ ಬೇಗ ಇಳಿಯುವುದಿಲ್ಲ. ಮಧುಸೂದನನಿಗೆ ಅದು ಗೊತ್ತಿರಬೇಕಿತ್ತು, ಅವನು ನನ್ನದೇ ಶಿಷ್ಯ. ಬೀಜಾಡಿಯ ಹತ್ತಿರದ ನಮ್ಮ ಶಾಲೆಗೆ ಈಗ ಅವನೇ ಸಂಚಾಲಕ. ಜೂನ್‌ನಲ್ಲಿ ಏಳನೇ ತರಗತಿಯ ಕರಿಹಲಗೆ ಕೀಳಿಸಿ ಸ್ಮಾರ್ಟ್ ಬೋರ್ಡ್ ಹಾಕಿಸಿದ. ಇನ್ನು ಮುಂದೆ ಗಣಿತ ಕಲಿಸುವುದು ವಿಡಿಯೋ ಎಂದ. ಇಪ್ಪತ್ತಾರು ವರ್ಷ ಭಿನ್ನರಾಶಿ ಕಲಿಸಿದ ನನಗೆ ಮಕ್ಕಳ ಟ್ಯಾಬ್‌ಗಳನ್ನು ಚಾರ್ಜಿಗೆ ಇಡುವ ಕೆಲಸ ಕೊಟ್ಟ.

"ಮನೋರಮಾ ಟೀಚರೇ, ನಿಮ್ಗೂ ವಯಸ್ಸಾಯ್ತ್. ಆರಾಮಾಯ್ ಕೂಕಣಿ" ಎಂದು ಎಲ್ಲರೆದುರು ಹೇಳಿದಾಗ, ನಿನ್ನೆ ಮೊನ್ನೆ ಸೇರಿದ ಟೀಚರುಗಳೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಕುದಿಯುತ್ತಿತ್ತು.

ಮಕ್ಕಳು ವಿಡಿಯೋ ನೋಡುತ್ತ ತಲೆ ಆಡಿಸುತ್ತಿದ್ದರು. ಒಂದಕ್ಷರವೂ ತಲೆಗೆ ಹೋಗುತ್ತಿಲ್ಲವೆಂದು ಬಾಗಿಲಲ್ಲಿ ನಿಂತ ನನಗೆ ತಿಳಿಯುತ್ತಿತ್ತು. ಹೇಳಲು ನನಗೇನು ದರ್ದು? ಪೋಷಕರ ದಿನ ಬರಲಿ ಎಂದು ಕಾದೆ.

ಡಿಸೆಂಬರಿನಲ್ಲಿ, ಆ ದಿನದ ಮುನ್ನಾದಿನ, ಮಧುಸೂದನನೇ ಬಂದ. "ಟೀಚರೇ, ನಮ್ ಕಾಲದ್ದ್ ಕೈ ಎತ್ತು ಉಪಾಯ ಮಕ್ಳಿಗೆ ಒಂಚೂರ್ ಹೇಳ್ಕೊಡಿ."

ಶಾಲಾ ಇನ್‌ಸ್ಪೆಕ್ಟರ್ ಬಂದಾಗ ನಾನು ಮಾಡಿಸುತ್ತಿದ್ದ ಉಪಾಯವದು. ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಬಲಗೈಯವರನ್ನು ಮಾತ್ರ ಎಬ್ಬಿಸಿದರಾಯಿತು. "ಆಯ್ತ್ ಮಾರಾಯಾ" ಎಂದೆ. ಮಕ್ಕಳಿಗೆ ಉಲ್ಟಾ ಹೇಳಿಕೊಟ್ಟೆ. ಗೊತ್ತಿಲ್ಲದವರು ಬಲಗೈ.

ಮರುದಿನ ತರಗತಿಯ ತುಂಬ ತಂದೆ ತಾಯಂದಿರು. ಮೂರನೇ ಎರಡು ದೊಡ್ಡದೋ, ನಾಲ್ಕನೇ ಮೂರು ದೊಡ್ಡದೋ ಎಂದು ಬೋರ್ಡು ಕೇಳಿತು. ಮೂವತ್ತನಾಲ್ಕು ಕೈ ಮೇಲೆದ್ದವು, ಇಪ್ಪತ್ತೊಂಬತ್ತು ಬಲಗೈ. ಮಧುಸೂದನ ಹಿಗ್ಗಿ ಹೀರೇಕಾಯಿಯಾದ. ಗೇರುಬೀಜದ ಕಾರ್ಖಾನೆಗೆ ಹೋಗುವ ನಾಗು, ಮಗಳು ಸೌಮ್ಯಶ್ರೀಯೂ ಕೈ ಎತ್ತಿದ್ದನ್ನು ಕಂಡು ಪಕ್ಕದವಳನ್ನು ತಿವಿದಳು.

ಮಧುಸೂದನ ಬಲಗೈಯವರನ್ನೇ ಎಬ್ಬಿಸಿದ. ಮೊದಲು ಎದ್ದ ಹುಡುಗ ಎರಡೂ ಒಂದೇ ಎಂದ. ಎರಡನೆಯವನು ಮೂರನೇ ಎರಡು ಎಂದ. ಸೌಮ್ಯಶ್ರೀ ತಲೆ ತಗ್ಗಿಸಿ ನಿಂತುಬಿಟ್ಟಳು. ಮಧುಸೂದನ ಬೆವರಿದ. ನಾನು ಮೈಕು ತೆಗೆದುಕೊಂಡೆ.

"ಬಲಗೈ ಅಂದ್ರೆ ಗೊತ್ತಿಲ್ಲ ಅಂದ್ ಅರ್ಥ. ನಾನೇ ಹೇಳ್ಕೊಟ್ಟದ್ದ್. ಇಪ್ಪತ್ತೊಂಬತ್ ಮಕ್ಳಿಗೆ ಇದ್ ಬತ್ತಿಲ್ಲ. ಆರ್ ತಿಂಗ್ಳ್ ಈ ಬೋರ್ಡ್ ಕಲ್ಸಿದ್ದ್ ಇಷ್ಟೇ."

ಜನ ಅವನನ್ನು ಮುತ್ತಿಕೊಂಡರು. ನನ್ನ ಕಡೆ ತಿರುಗಿದ ಅವನ ಮುಖದಲ್ಲಿ ರಕ್ತವಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಂಪಾಯಿತು.

ನಾಗು ಮಾತ್ರ ಅವನ ಹತ್ತಿರ ಹೋಗದೆ ನನ್ನ ಹತ್ತಿರ ಬಂದಳು. ಮಗಳು ಅವಳ ಸೆರಗು ಹಿಡಿದು ಬಿಕ್ಕುತ್ತಿದ್ದಳು.

"ಟೀಚರೇ, ನನ್ ಹೆಣ್ಣಿಗೆ ಇದ್ ಬತ್ತಿಲ್ಲ ಅಂದ್ ನಿಮ್ಗೆ ಯಾವಾಗ್ ಗೊತ್ತಾಯ್ತ್?"

"ಜುಲೈ ತಿಂಗ್ಳಲ್ಲೇ" ಎಂದೆ.

"ದಿನಾ ಇವ್ಳನ್ ಬಿಡುಕ್ ಬತ್ತಿದ್ದೆ. ನೀವ್ ನನ್ ಕಂಡ್ ನಗಾಡ್ತಿದ್ರಿ. ಒಂದ್ ಮಾತ್ ಹೇಳುಕ್ ಆಯ್ಲಿಲ್ಯಾ?"

ಅವಳು ಮಗಳ ಕಣ್ಣೊರೆಸಿದಳು. ಜನ ಮಧುಸೂದನನನ್ನು ನೋಡಿದ ಹಾಗೆಯೇ ನನ್ನನ್ನೂ ನೋಡಿ ಹೊರಟುಹೋದಳು.