ಮಂಗಳವಾರ ಮೂರು ಗಂಟೆ

ಈಗಷ್ಟೇ ಉಳಿಸಿದ ಫೈಲಿನ ಪಕ್ಕದಲ್ಲಿ ಕಂಪ್ಯೂಟರು ನಿನ್ನೆಯ ತಾರೀಖು ತೋರಿಸುತ್ತಿತ್ತು. ಸೊಸೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ನಿನ್ನೆಯದೇ. ಅದೂ ನಿನ್ನೆ ಸಂಜೆಯದು. ಪಕ್ಕದಲ್ಲಿಟ್ಟ ಕಾಫಿ ಇನ್ನೂ ಹಬೆಯಾಡುತ್ತಿತ್ತು, ಬೆಳಗಿನ ಬಿಸಿಲು ಕೀಬೋರ್ಡಿನ ಮೇಲೆ ಬಿದ್ದಿತ್ತು. ಕಂಪ್ಯೂಟರಿಗೆ ಮಾತ್ರ ಇನ್ನೂ ಬೆಳಗಾಗಿರಲಿಲ್ಲ.

ಅವಳ ಕೆಲಸ ಅಡುಗೆಮನೆಗಳ ನಕ್ಷೆ ಬರೆಯುವುದು. ಮರಗೆಲಸದ ಕಾರ್ಖಾನೆಯವರು ಅಳತೆ ಕಳಿಸುತ್ತಿದ್ದರು. ಒಲೆ ಎಲ್ಲಿ, ಸಿಂಕ್ ಎಲ್ಲಿ, ಡ್ರಾಯರು ಎಷ್ಟು ಅಗಲ ಎಂದು ಇವಳು ಮನೆಯಲ್ಲೇ ಕೂತು ಬರೆದು ಕಳಿಸುತ್ತಿದ್ದಳು. ಅವಳ ಸ್ವಂತ ಅಡುಗೆಮನೆಯ ಕಪಾಟಿನ ಬಾಗಿಲು ಎಷ್ಟೋ ಕಾಲದಿಂದ ಒಂದೇ ಕೀಲಿನ ಮೇಲೆ ಜೋತಾಡುತ್ತಿತ್ತು, ಆ ಮಾತು ಬೇರೆ. ಕೆಲಸದಲ್ಲಿ ಮಾತ್ರ ಅವಳು ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಆಗಲು ಬಿಡುವವಳಲ್ಲ. ತಾರೀಖು ತಪ್ಪಾಗಿದ್ದರೆ ಯಾವ ನಕ್ಷೆ ಹಳೆಯದು ಯಾವುದು ಹೊಸದು ಎಂದು ತಿಳಿಯುವುದು ಹೇಗೆ? ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡುವ ತಮ್ಮನಿಗೆ ಫೋನು ಹಚ್ಚಿದಳು.

“ಅಕ್ಕ, ರಾತ್ರಿ ಪ್ಲಗ್ ಕಿತ್ತಿಟ್ಟಿದ್ಯಾ?”

“ನಾನು ಯಾವಾಗ್ಲೂ ಕೀಳ್ತೀನಿ. ಪಕ್ಕದ ಮನೆಯವರ ಟೀವಿ ಸುಟ್ಟುಹೋದಾಗಿನಿಂದ ನಮ್ಮನೇಲಿ ಅದೇ ಕಾನೂನು. ಆಫ್ ಮಾಡಿದ್ಮೇಲೆ ಯಾರೇ ಆಗಲಿ ಪ್ಲಗ್ ಕಿತ್ತೇ ಏಳಬೇಕು.”

“ಅದೇ ಮತ್ತೆ. ಒಳಗಡೆ ಬಿಲ್ಲೆ ಥರ ಒಂದು ಸೆಲ್ ಇರುತ್ತೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸೋದು ಅದು. ಅದಕ್ಕೆ ವಯಸ್ಸಾಗಿದೆ. ಪೂರ್ತಿ ಸತ್ತಿದ್ರೆ ಯಾವ್ದೋ ಕಾಲದ ತಾರೀಖು ತೋರಿಸೋದು, ನಿಂಗೂ ಗೊತ್ತಾಗೋದು. ಇದಕ್ಕಿನ್ನೂ ಕುಟುಕು ಜೀವ ಇದೆ. ಪ್ಲಗ್ ಕಿತ್ತ ತಕ್ಷಣ ಗಡಿಯಾರ ನಿಂತುಬಿಡುತ್ತೆ. ಮತ್ತೆ ಹಾಕಿದಾಗ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹೊರಡುತ್ತೆ.”

“ಹಾಗಿದ್ರೆ ಇಷ್ಟು ದಿನ ಯಾಕೆ ಗೊತ್ತಾಗ್ಲಿಲ್ಲ?”

“ಇಂಟರ್ನೆಟ್ ಇದ್ರೆ ಅಲ್ಲಿಂದ ಕೇಳ್ಕೊಂಡು ತಾನೇ ಸರಿಮಾಡ್ಕೊಳ್ಳುತ್ತೆ. ಈಗ ಇಂಟರ್ನೆಟ್ ಇಲ್ಲ ಅಲ್ವಾ?”

“ನಿನ್ನೆ ಸಂಜೆಯಿಂದ ಇಲ್ಲ. ಮತ್ತೆ ರಸ್ತೆ ಅಗೀತಿದ್ದಾರೆ.”

“ಹೋದ ಸಲ ಅಗೆದಾಗಲೂ ಹೀಗೇ ಆಗಿರುತ್ತೆ, ನೀನು ನೋಡಿರಲ್ಲ ಅಷ್ಟೇ.”

ತಮ್ಮ ಆಮೇಲೂ ಏನೇನೋ ಹೇಳಿದ. ಸೆಲ್ ತಂದು ಹಾಕುವುದು, ಅಲ್ಲಿಯವರೆಗೆ ಪ್ಲಗ್ ಕೀಳದಿರುವುದು, ಮತ್ತೆ ತನ್ನ ಅಂಗಡಿಯ ಯಜಮಾನನ ಮೇಲಿನ ದೂರು. ಅವಳು ಹೂಂ ಎನ್ನುತ್ತಿದ್ದಳು, ಯಾವುದೂ ತಲೆಗೆ ಹೋಗುತ್ತಿರಲಿಲ್ಲ. ಅವಳ ಮನಸ್ಸು ಹೋದ ಸಲ ಎಂಬ ಮಾತಿನಲ್ಲೇ ನಿಂತಿತ್ತು. ಮಾತಿನ ನಡುವೆ ಅವಳ ಫೋನಿನ ಚಾರ್ಜು ಮುಗಿದು ಪರದೆ ಕಪ್ಪಾಯಿತು. ಅವಳು ಅದನ್ನು ಕಿವಿಯಿಂದ ತೆಗೆಯಲೇ ಇಲ್ಲ.

ಹೋದ ಸಲ ಇಂಟರ್ನೆಟ್ ಹೋದದ್ದು ಚಳಿಗಾಲ ಶುರುವಾಗುವ ಹೊತ್ತಿನಲ್ಲಿ, ಒಂದು ಮಂಗಳವಾರ ಸಂಜೆ. ಒಂದು ಹೊಸ ಮನೆಯ ಕೆಲಸ ನಡೆದಿತ್ತು. ಒಲೆ ಕಿಟಕಿಯ ಕೆಳಗೆ ಬೇಡ, ಎದುರು ಗೋಡೆಗೆ ಬರಲಿ ಎಂದು ಆ ಮನೆಯಾಕೆ ಕೊನೆಗಳಿಗೆಯಲ್ಲಿ ಹೇಳಿದ್ದರಿಂದ ನಕ್ಷೆ ಎರಡಾಗಿತ್ತು, ಹಳೆಯದೊಂದು ಹೊಸದೊಂದು. ಇಮೇಲ್ ಹೋಗದೆ, ಬುಧವಾರ ಬೆಳಿಗ್ಗೆ ಅವಳೇ ಪೆನ್‌ಡ್ರೈವಿಗೆ ಹಾಕಿಕೊಂಡು ಕಾರ್ಖಾನೆಗೆ ಓಡಿದ್ದಳು. ವಾರ ಮುಗಿಯುವುದರೊಳಗೆ ಅಲ್ಲಿ ಹಲಗೆಗಳೆಲ್ಲ ಕತ್ತರಿಸಿ ಮುಗಿದಿದ್ದವು, ಹಳೆಯ ನಕ್ಷೆಯ ಅಳತೆಗೆ. ಹೊಸ ನಕ್ಷೆಯ ಹೆಸರಿನಲ್ಲಿ ಹಳೆಯ ನಕ್ಷೆ ಕೂತಿತ್ತು. ಯಾರೋ ಹಳೆಯದನ್ನು ತೆರೆದು ಹೊಸದರ ಮೇಲೆ ಉಳಿಸಿಬಿಟ್ಟಿದ್ದರು.

ಆ ಗಳಿಗೆಯಲ್ಲಿ ಅವಳಿಗೆ ಮೊದಲು ತನ್ನ ಮೇಲೆಯೇ ಅನುಮಾನ ಬಂದಿತ್ತು. ಬುಧವಾರ ಬೆಳಿಗ್ಗೆ ಡ್ರಾಯರಿನ ಅಳತೆ ನೋಡಲು ಹಳೆಯದನ್ನು ತೆರೆದದ್ದು ಹೌದು, ಅವಸರದಲ್ಲಿದ್ದದ್ದೂ ಹೌದು. ಆಮೇಲೆ ಫೈಲಿನ ತಾರೀಖು ನೋಡಿದಳು. ಮಂಗಳವಾರ, ಮಧ್ಯಾಹ್ನ ಮೂರು ಗಂಟೆ. ಆ ಹೊತ್ತಿಗೆ ಅವಳು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದಳು. ಗಂಡ ಆಫೀಸಿನಲ್ಲಿ, ಮಗಳು ಶಾಲೆಯಲ್ಲಿ. ಮನೆಯಲ್ಲಿದ್ದವರು ಅತ್ತೆ ಒಬ್ಬರೇ, ಮತ್ತು ಅತ್ತೆ ಊಟವಾದ ಮೇಲೆ ಕಂಪ್ಯೂಟರಿನಲ್ಲಿ ಇಸ್ಪೀಟಾಡುತ್ತಿದ್ದರು. ತಾರೀಖು ನೋಡಿ ಅವಳಿಗೆ ಮೊದಲು ಆದದ್ದು ನೆಮ್ಮದಿ. ಕೋಪ ಬಂದದ್ದು ಆಮೇಲೆ.

“ನಾನು ಆಟ ಬಿಟ್ಟು ಬೇರೇನೂ ಮುಟ್ಟಿಲ್ಲ ಕಣೆ,” ಎಂದಿದ್ದರು ಅತ್ತೆ.

“ನಾನು ಹೇಳ್ತಿಲ್ಲ ಅತ್ತೆ, ಕಂಪ್ಯೂಟರೇ ಹೇಳ್ತಿದೆ. ಇಲ್ಲಿ ನೋಡಿ. ಅದಕ್ಯಾಕೆ ನಿಮ್ಮ ಮೇಲೆ ಹಗೆ?”

ಇನ್ನೂ ಬಹಳ ಮಾತಾಡಿದ್ದಳು. ಹಳೆಯದನ್ನು ಹೊಸದರ ಮೇಲೆ ಉಳಿಸುವಾಗ ಒಂದು ಚೌಕ ಬಂದು ಬದಲಾಯಿಸಲೇ ಎಂದು ಕೇಳುತ್ತದೆ, ಕಣ್ಣು ಬಿಟ್ಟು ನೋಡದೆ ಹೌದು ಅಂತ ಒತ್ತಿದ್ದೀರಿ ಎಂದು ಕೂಗಾಡಿದ್ದಳು. ಗಂಡ, ಮನೆಯಲ್ಲಿ ಜಗಳವಾದಾಗಲೆಲ್ಲ ಬೈಕು ಒರೆಸಲು ಹೋಗುವ ಮನುಷ್ಯ, ಅಂದೂ ಬೈಕನ್ನು ಫಳಫಳ ಹೊಳೆಸಿದ. ಅತ್ತೆ ತಾರೀಖಿನ ಮೇಲಿದ್ದ ಸೊಸೆಯ ಬೆರಳನ್ನೇ ನೋಡುತ್ತ ನಿಂತಿದ್ದರು. ಕಾರ್ಖಾನೆಯ ಯಜಮಾನರು ಮಾತ್ರ, ಮನೆಯಲ್ಲಿ ವಯಸ್ಸಾದವರಿದ್ದಾಗ ಇಂಥದ್ದೆಲ್ಲ ಆಗುತ್ತಮ್ಮ ಎಂದು ದೊಡ್ಡ ಮನಸ್ಸು ಮಾಡಿ ಅವಳನ್ನು ಕೆಲಸದಲ್ಲಿ ಉಳಿಸಿಕೊಂಡರು.

ಅತ್ತೆಯಂಥವರಿಗೆ ಈ ಮಾತು! ಹರೆಯದಿಂದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆ ಊರನ್ನೇ ಜೋಡಿಸಿದವರು. ಊರಿನ ಅರ್ಧ ನಂಬರುಗಳು ಅವರ ನಾಲಿಗೆಯ ತುದಿಯಲ್ಲಿದ್ದವು. ಮಗ ಕೊಡಿಸಿದ ಮೊಬೈಲಿನಲ್ಲಿ ಇವತ್ತಿಗೂ ಒಂದು ಹೆಸರಿಲ್ಲ. ತಲೆ ಇಲ್ಲದವರು ತುಂಬಿಸ್ಕೊಳ್ಳಲಿ ಎಂದು ನಗುತ್ತಿದ್ದರು. ಆ ಮಂಗಳವಾರದ ತಾರೀಖು ನೋಡಿದ ಮೇಲೆ ಅವರು ಇಸ್ಪೀಟಾಡಲಿಲ್ಲ. ಮೊದಲು, ಗ್ಯಾಸ್ ಆರಿಸಿದೆನಾ ಎಂದು ಬಾಗಿಲಿನಿಂದ ವಾಪಸು ಬರತೊಡಗಿದರು. ಆಮೇಲೆ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸತೊಡಗಿದರು. ಒಂದು ದಿನ, ಪುಟ್ಟಿಯನ್ನು ರಸ್ತೆ ದಾಟಿಸಿ ಶಾಲೆಗೆ ಬಿಡುವ ಕೆಲಸ ಇನ್ನು ತಮಗೆ ಬೇಡ ಎಂದರು. “ನನ್ನ ಮೇಲೆ ನಂಗೇ ಭರವಸೆ ಇಲ್ಲ ಕಣೆ. ಮಗೂನ ಎಲ್ಲಾದರೂ ಮರೆತು ಬಂದ್ರೆ?” ಮೊಮ್ಮಗಳು ಅತ್ತು ರಂಪ ಮಾಡಿದರೂ ಜಗ್ಗಲಿಲ್ಲ. ಕಡೆಗೆ ತಾವಾಗಿಯೇ ಮಗನನ್ನು ಕರೆದು, ಮರೆವಿನ ಡಾಕ್ಟರ ಹತ್ತಿರ ಸಮಯ ಕೇಳು ಎಂದರು. ಆ ಸಮಯ ಇವತ್ತು, ಇನ್ನೇನು ಹೊರಡಬೇಕು. ಗಂಡ ಆಫೀಸಿನಿಂದ ನೇರ ಅಲ್ಲಿಗೇ ಬರುವವನಿದ್ದ.

ಸೊಸೆ ಕಂಪ್ಯೂಟರ್ ಆರಿಸಿ ಪ್ಲಗ್ ಕಿತ್ತಳು. ಕಾಫಿ ಲೋಟ ತೊಳೆದಳು, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು. ಬಂದು ಪ್ಲಗ್ ಹಾಕಿದಳು. ಗಡಿಯಾರ ಅವಳು ಕಿತ್ತ ಗಳಿಗೆಯಿಂದಲೇ ಹೊರಟಿತು, ಲೋಟ ತೊಳೆದ ಹೊತ್ತಿನ ಲೆಕ್ಕವೇ ಅದಕ್ಕಿರಲಿಲ್ಲ. ಇನ್ನು ಅನುಮಾನಕ್ಕೆ ಜಾಗವಿಲ್ಲ. ಮಂಗಳವಾರ ಅತ್ತೆ ಆಟ ಮುಗಿಸಿ, ಮನೆಯ ಕಾನೂನಿನಂತೆ ಪ್ಲಗ್ ಕಿತ್ತು ಎದ್ದಿದ್ದಾರೆ. ಹಲ್ಲು ನೋವಿನಿಂದ ಸಂಜೆ ಇವಳು ಕಂಪ್ಯೂಟರ್ ಮುಟ್ಟಿಲ್ಲ, ಗಡಿಯಾರ ಅಲ್ಲೇ ನಿಂತಿದೆ. ಬುಧವಾರ ಬೆಳಿಗ್ಗೆ ಇವಳು ಬಂದು ಕೂತಾಗ ಅದು ಅತ್ತೆಯ ಮಧ್ಯಾಹ್ನವನ್ನೇ ಮುಂದುವರಿಸಿದೆ. ಚೌಕ ಬಂದಾಗ ಕಣ್ಣು ಬಿಟ್ಟು ನೋಡದೆ ಹೌದು ಎಂದು ಒತ್ತಿದವಳು ಇವಳೇ.

ಹೇಳದಿದ್ದರೆ ಯಾರಿಗೆ ತಿಳಿಯುತ್ತದೆ? ತಮ್ಮನಿಗೆ ಆ ಕಥೆ ಗೊತ್ತಿಲ್ಲ. ಗಂಡ ಬೈಕು ಒರೆಸುತ್ತಾನೆ. ಡಾಕ್ಟರು ಪರೀಕ್ಷೆ ಮಾಡಿ ಎಲ್ಲ ಸರಿಯಾಗಿದೆ ಎಂದರೆ ಅತ್ತೆಯೂ ನಿಶ್ಚಿಂತೆಯಾಗಿರುತ್ತಾರೆ, ತನ್ನ ಕೆಲಸವೂ ಉಳಿಯುತ್ತದೆ. ಹೀಗೆಲ್ಲ ಯೋಚಿಸುತ್ತಿರುವಾಗ ಅವಳ ಕೈ ತಾನಾಗಿ ಗಡಿಯಾರವನ್ನು ಸರಿಮಾಡಿತು. ಪರದೆಯ ಮೂಲೆಯಲ್ಲಿ ಇವತ್ತಿನ ತಾರೀಖು ಬಂದು ಸಭ್ಯವಾಗಿ ಕೂತಿತು. ಇಷ್ಟು ಸುಲಭವಾಗಿ ಆಗಿಬಿಟ್ಟಿತಲ್ಲ ಎಂದು ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

“ಇವತ್ತು ಶುಕ್ರವಾರ ತಾನೆ?”

ಅತ್ತೆ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬಾಗಿಲ ಬಳಿ ಬಂದು ನಿಂತಿದ್ದರು. ಬೀಗದ ಕೈ ಮುಷ್ಟಿಯಲ್ಲಿತ್ತು. ಏನನ್ನೆಲ್ಲ ಬಿಟ್ಟುಕೊಟ್ಟರೂ ಮನೆಯ ಬೀಗದ ಕೈಯನ್ನು ಅವರು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ.

“ಹೌದು ಅತ್ತೆ, ಶುಕ್ರವಾರ.”

“ಡಾಕ್ಟರು ಮೊದಲು ಅದನ್ನೇ ಕೇಳ್ತಾರಂತೆ. ತಾರೀಖು ಸಮೇತ ಬಾಯಿಪಾಠ ಮಾಡಿದೀನಿ.” ನಗಲು ನೋಡಿದರು. ಗೋಡೆ ಹಿಡಿದುಕೊಂಡು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡರು.

ಸೊಸೆಗೆ ತಡೆಯಲಾಗಲಿಲ್ಲ. “ಅತ್ತೆ, ಆವತ್ತಿನ ನಕ್ಷೆ ಹಾಳು ಮಾಡಿದ್ದು ನೀವಲ್ಲ. ನಾನು.”

ಪ್ಲಗ್ಗು, ಸೆಲ್ಲು, ಇಂಟರ್ನೆಟ್ಟು, ನಿಂತ ಗಡಿಯಾರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅರ್ಧಕ್ಕೇ ಅಳು ಬಂತು, ಅಳುತ್ತಲೇ ಹೇಳಿದಳು. ಅತ್ತೆ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು. ಎಕ್ಸ್‌ಚೇಂಜಿನಲ್ಲಿ ಎಷ್ಟೋ ಜನರ ಗೋಳನ್ನು ಅವರು ಹೀಗೇ ಕೇಳಿಸಿಕೊಂಡಿರಬೇಕು.

“ಆದ್ರೆ ನಂಗೆ ನೆನಪಿದೆಯಲ್ಲೇ,” ಎಂದರು.

“ಏನು ನೆನಪಿದೆ?”

“ಒತ್ತಿದ್ದು. ಆಟ ಮುಗಿದಿತ್ತು. ಒಂದು ಚೌಕ ಬಂತು, ಬದಲಾಯಿಸಲಾ ಅಂತ ಕೇಳ್ತು. ನಾನು ಹೌದು ಅಂತ ಒತ್ತಿದೆ. ಮೊದಮೊದಲು ನೆನಪೇ ಇರಲಿಲ್ಲ. ಹಾಸಿಗೇಲಿ ಮಲಗಿ ಯೋಚನೆ ಮಾಡ್ತಾ ಮಾಡ್ತಾ ಒಂದೊಂದೇ ನೆನಪಾಯ್ತು. ಈಗ ಕಣ್ಣಿಗೆ ಕಟ್ಟಿದ ಹಾಗಿದೆ.”

ಆ ಚೌಕ ಅತ್ತೆ ಕಂಡದ್ದಲ್ಲ. ಕೂಗಾಡಿದ ದಿನ ಸೊಸೆಯ ಬಾಯಿಂದ ಬಂದದ್ದು.

“ಅದು ನಾನು ಹೇಳಿದ್ದು ಅತ್ತೆ! ನಾನು ಹೇಳಿ ಹೇಳಿ ನಿಮಗೆ ಹಾಗನ್ನಿಸಿದೆ!”

“ಇರಲಿ ಬಿಡು.” ಅತ್ತೆ ಅವಳ ಕೆನ್ನೆ ಒರೆಸಿದರು. “ಪರೀಕ್ಷೆಗೆ ಮುಂಚೆ ನಂಗೆ ಧೈರ್ಯ ತುಂಬೋಣ ಅಂತ ಹೇಳ್ತಿದೀಯ. ನಂಗೇನು ಅಷ್ಟೂ ತಿಳಿಯಲ್ವಾ? ನಿನ್ನ ಮನಸ್ಸು ಒಳ್ಳೇದು.”

“ಸುಳ್ಳಾದ್ರೆ ನಿಮ್ಮ ಎದುರಿಗೇ ಯಜಮಾನರಿಗೆ ಫೋನ್ ಮಾಡ್ತೀನಾ? ಈಗಲೇ ಮಾಡ್ತೀನಿ ನೋಡಿ.” ಅವಳ ಫೋನು ಸತ್ತು ಬಿದ್ದಿತ್ತು. ಅತ್ತೆಯ ಚೀಲದಿಂದ ಅವರ ಫೋನನ್ನು ಕಿತ್ತುಕೊಂಡ ಹಾಗೇ ತೆಗೆದುಕೊಂಡಳು. ಅದರಲ್ಲಿ ಒಂದು ಹೆಸರೂ ಇರಲಿಲ್ಲ. ವರ್ಷಗಟ್ಟಲೆ ಮಾತಾಡಿದ ಯಜಮಾನರ ನಂಬರು ಅವಳಿಗೆ ಮೊದಲ ಎರಡಂಕಿ ಬಿಟ್ಟರೆ ಹೊಳೆಯಲಿಲ್ಲ. ಬೆರಳು ಗಾಳಿಯಲ್ಲೇ ನಿಂತಿತು.

ಅತ್ತೆ ಹೇಳಿದರು. ಎರಡೆರಡೇ ಅಂಕಿಗಳಾಗಿ ಮುರಿದು, ಇವಳ ಬೆರಳಿಗೆ ಬೇಕಾದಷ್ಟು ಬಿಡುವು ಕೊಟ್ಟು, ಕೊನೆಯ ಅಂಕಿಯವರೆಗೆ. ಹೇಳಿ ಇನ್ನೊಂದು ಚಪ್ಪಲಿಗಾಗಿ ಕಾಲಿನಿಂದ ತಡಕಿದರು. ತಾವು ಏನು ಮಾಡಿದೆವೆಂದು ಅವರಿಗೆ ಗೊತ್ತೇ ಆಗಲಿಲ್ಲ.

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯಿಂದ ಗರಗಸದ ಸದ್ದು ಕೇಳಿಸಿತು. “ಯಾರು?”

“ಸರ್, ನಾನು. ಹೋದ ಸಲದ ಅಡುಗೆಮನೆ ನಕ್ಷೆ ಹಾಳಾಗಿದ್ದು ನನ್ನಿಂದ ಸರ್. ನಮ್ಮತ್ತೆ ಏನೂ ಮಾಡಿರಲಿಲ್ಲ.”

ಗರಗಸ ನಿಂತಿತು. ಅತ್ತೆಯ ಫೋನಿನ ದನಿ ಯಾವಾಗಲೂ ಜೋರು, ಕಿವಿಗೆ ಹಿಡಿಯಬೇಕಾಗಿಯೇ ಇರಲಿಲ್ಲ.

“ಅದನ್ನ ಈಗ ಯಾಕಮ್ಮ ಕೆದಕ್ತೀರಿ? ಅತ್ತೆ ಪಕ್ಕದಲ್ಲೇ ಇದ್ದಾರಾ? ಇರ್ತಾರೆ, ಇರ್ತಾರೆ, ಗೊತ್ತಾಯ್ತು.” ಯಜಮಾನರು ದನಿ ತಗ್ಗಿಸಿದರು, ತಗ್ಗಿದ ದನಿಯೂ ಮನೆಯಿಡೀ ಕೇಳಿಸಿತು. “ನಮ್ಮನೇಲೂ ವಯಸ್ಸಾದವರಿದ್ರು. ಎಲ್ಲ ತಪ್ಪನ್ನೂ ನಾವೇ ಮೈಮೇಲೆ ಹಾಕ್ಕೊಂಡುಬಿಡಬೇಕು ಅಷ್ಟೇ. ನಿಮ್ಮಂಥ ಸೊಸೆ ಎಲ್ಲರಿಗೂ ಸಿಗಲ್ಲ. ಇಡಲಾ?”

“ಸರ್, ಹಾಗಲ್ಲ, ಕೇಳಿ...”

ಗರಗಸ ಮತ್ತೆ ಶುರುವಾಯಿತು, ಕರೆ ಕಟ್ಟಾಯಿತು. ಅತ್ತೆ ಅವಳ ಕೈಯಿಂದ ಫೋನು ತೆಗೆದುಕೊಂಡು ಚೀಲಕ್ಕೆ ಹಾಕಿದರು. ಅವರ ಕಣ್ಣೂ ಒದ್ದೆಯಾಗಿತ್ತು.

“ನನಗೋಸ್ಕರ ಅವರ ಹತ್ತಿರ ಕೆಟ್ಟವಳಾಗೋಕೆ ಹೊರಟಿದ್ಯಲ್ಲ,” ಎಂದರು. “ಆವತ್ತು ನೀನು ನಾಲ್ಕು ಮಾತು ಅಂದಾಗ ನಂಗೆ ಬೇಜಾರಾಗಿತ್ತು. ಸುಳ್ಳು ಯಾಕೆ ಹೇಳಲಿ? ಇವತ್ತು ಅದೂ ಹೋಯ್ತು.”

ಅವಳು ಅತ್ತೆಯ ತೋಳು ಹಿಡಿದುಕೊಂಡು, “ನೀವು ಈಗ ಆ ನಂಬರ್ ಹೇಗೆ ಹೇಳಿದ್ರಿ ಗೊತ್ತಾ?” ಎಂದು ಕೇಳಿದಳು. ಅತ್ತೆ ಅವಳ ಮುಖ ನೋಡಿದರು. “ಯಾಕೆ? ತಪ್ಪು ಹೇಳಿದ್ನಾ?” ಎಂದರು, ಗಾಬರಿಯಾಗಿ.

“ಇಲ್ಲ ಅತ್ತೆ. ಸರಿಯಾಗೇ ಹೇಳಿದ್ರಿ.”

“ಸದ್ಯ.” ಅತ್ತೆ ಇನ್ನೊಂದು ಚಪ್ಪಲಿಯೊಳಗೆ ಕಾಲು ತೂರಿಸಿದರು. ಒಳಗೆ ಹೋಗಿ ಗ್ಯಾಸ್ ನೋಡಿ ಬಂದರು, ಮತ್ತೆ ಹೋಗಿ ನೋಡಿ ಬಂದರು. ಇಬ್ಬರೂ ಹೊರಗೆ ಬಂದ ಮೇಲೆ ಬಾಗಿಲು ಎಳೆದು ಬೀಗ ಹಾಕಿದರು, ಜಗ್ಗಿ ನೋಡಿದರು. ಎರಡು ಮೆಟ್ಟಿಲಿಳಿದು ನಿಂತು, ಮುಷ್ಟಿ ಬಿಚ್ಚಿ ಬೀಗದ ಕೈಯನ್ನು ಸೊಸೆಯ ಕಡೆಗೆ ಚಾಚಿದರು.

“ಇನ್ಮೇಲೆ ಇದು ನಿನ್ನ ಹತ್ತಿರಾನೇ ಇರಲಿ.”

ಅವಳು ಬೇಡವೆನ್ನಲು ನೋಡಿದಳು. ಅಷ್ಟರಲ್ಲಿ ಅತ್ತೆ ಅದನ್ನು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಕಂಬಿ ಹಿಡಿದು ಮೆಟ್ಟಿಲಿಳಿಯತೊಡಗಿದ್ದರು. ಬೀಗದ ಕೈ ಇನ್ನೂ ಬೆಚ್ಚಗಿತ್ತು.