ಅವನ ಮೇಜಿನ ಮೇಲೆ ನನ್ನ ಕಿಟಕಿ

ಪರದೆಯ ಮೇಲೆ ಸಾಲಾಗಿ ಬೋಳು ಗುಂಡಿಗಳು, ಒಂದರ ಮೇಲೂ ಚಿತ್ರವಿಲ್ಲ — ಕೆಡಿಇ ಎಂಬ ಡೆಸ್ಕ್‌ಟಾಪಿಗೆ ಮಾಡಿದ ವಿಡಿಯೊ ತಂತ್ರಾಂಶವನ್ನು ಗ್ನೋಮ್ ಎಂಬ ಬೇರೆ ಡೆಸ್ಕ್‌ಟಾಪಿನೊಳಗೆ ತೆರೆದರೆ ಒಮ್ಮೊಮ್ಮೆ ಹೀಗೇ, ಅದರ ಚಿತ್ರಗಳ ಕಟ್ಟನ್ನೂ ಕರೆಸಿಕೊಳ್ಳಬೇಕು, ಇಳಿಯುತ್ತಿದೆ, ಇಳಿಯಲಿ, ಅಂಗಳದಿಂದ ಕುರಿಮಾಂಸ ಬೇಯುವ ವಾಸನೆ, ಬಾಗಿಲಲ್ಲಿ ಜೆನಿಶ್‌ನ ತಲೆ, ಆಯ್ತಾ ಬುರುಲ್ ಎಜೆ, ಮಧ್ಯಾಹ್ನಕ್ಕೆ ಊರೆಲ್ಲ ಬಂದು ಕೂರುತ್ತೆ, ನನ್ನ ಕಂಪ್ಯೂಟರ್ ಕೆಡಿಸ್ಬೇಡ ಮತ್ತೆ. ಕೆಡಲ್ಲ, ನಿನ್ನ ಗ್ನೋಮ್ ಹಾಗೇ ಇರುತ್ತೆ, ಇದು ಅದರೊಳಗೇ ಓಡುತ್ತೆ. ಈಗ ಎಜೆ, ಈಗ ಅಕ್ಕ, ಚಳಿಗಾಲದಲ್ಲಿ ಅವನ ಮನೆಯಂಗಳದ ಇದೇ ಸ್ಟುಡಿಯೊದಲ್ಲಿ ಎಲ್ಲರೆದುರು ಅಂದಿದ್ದ, ನಿನ್ನ ಆಟಿಕೆ ಎತ್ಕೊಂಡು ನಡಿ, ಇನ್ಮೇಲೆ ಇಲ್ಲಿ ಗ್ನೋಮ್‌ದು ಬಿಟ್ಟು ಬೇರೆ ಏನೂ ಇರಲ್ಲ, ನೀನೂ ಇರಲ್ಲ — ಓಶ್ ಊರಿನ ಎಷ್ಟು ಮದುವೆಗಳ ಚಿತ್ರ ಕತ್ತರಿಸಿ ಜೋಡಿಸಿದ್ದೆ ಆ ಆಟಿಕೆಯಲ್ಲಿ, ಇವತ್ತು ಅವನ ಅಪ್ಪನ ಎಂಬತ್ತರ ಹಬ್ಬದಲ್ಲಿ ತೋರಿಸಬೇಕಾದ ಚಿತ್ರ ಅರ್ಧಕ್ಕೆ ನಿಂತಿದ್ದೂ ಅದರಲ್ಲೇ, ಅವನ ಹೊಸ ತಂತ್ರಾಂಶ ಅದನ್ನು ತೆರೆಯಲೊಲ್ಲದು, ನನ್ನದನ್ನೇ ಹಾಕಿ ನೋಡಿದನಂತೆ, ಬೋಳು ಗುಂಡಿ ನೋಡಿ ಕಂಗಾಲಾದನಂತೆ, ಅದಕ್ಕೇ ಫೋನು, ಅದಕ್ಕೇ ಎಜೆ. ಬಂತು, ಗುಂಡಿಗಳ ಚಿತ್ರವೆಲ್ಲ ಬಂತು, ಅವನ ಅಚ್ಚುಕಟ್ಟಾದ ಪರದೆಯ ಮೇಲೆ ನನ್ನ ಬೂದು ಕಿಟಕಿ, ಕರೆಯದ ನೆಂಟಳ ಹಾಗೆ ಕಾಲು ಚಾಚಿ ಕೂತಿದೆ, ಕೂತಿರು.

ಆ ತುಣುಕು ಇಲ್ಲೇ ಇರಬೇಕು, ಹೌದು, ಇದೇ, ಜೆನಿಶ್‌ನ ಅಪ್ಪ ಕಲ್ಮುರ್ಜಾ ಅಜ್ಜ ಏಪ್ರಿಕಾಟ್ ಮರದ ಕೆಳಗೆ ತನ್ನ ಸತ್ತ ಹೆಂಡತಿಯ ಮಾತು ತೆಗೆಯುತ್ತಾನೆ, ಕ್ಯಾಮೆರಾದ ಹಿಂದಿನಿಂದ ಜೆನಿಶ್, ಬಾಯಿ ಮುಚ್ಚು ಮುದುಕಾ, ಕ್ಯಾಮೆರಾ ನೋಡು. ನಡುವೆ ಸೇರಿಸಿದೆ, ಕೇಳಲಿ, ನಿನ್ನ ಮಾವಂದಿರು ಕೇಳಲಿ, ಟೀ ಬಟ್ಟಲು ಎತ್ತಿದ ಕೈಗಳು ಹಾಗೇ ನಿಲ್ಲಲಿ — ಆದರೆ ಅವನು ಬೈದ ಮೇಲೂ ಚಿತ್ರ ಓಡುತ್ತದಲ್ಲ, ಅಜ್ಜ ಏನು ಮಾಡಿದನೆಂದು ಊರೆಲ್ಲ ನೋಡುತ್ತದಲ್ಲ, ಬೇಡ, ಅದು ಬೇಡ, ತೆಗೆದೆ. ಹಾಗಾದರೆ ಜೆನಿಶ್‌ನನ್ನೇ ತೆಗೆಯುವೆ. ಅಪ್ಪನಿಗೆ ನಿಲುವಂಗಿ ಹೊದಿಸುವ ಜೆನಿಶ್, ತೆಗೆ, ತಬ್ಬಿಕೊಳ್ಳುವ ಜೆನಿಶ್, ತೆಗೆ, ಹಿಂದೆ ಕುದುರೆ ಹಿಡಿದು ನಿಂತವನೂ ಜೆನಿಶೇ, ಅವನನ್ನೂ. ಉಳಿದದ್ದು ಮುದುಕ, ಮರ, ಕುದುರೆ, ರೊಟ್ಟಿ. ಮುಗೀತಾ ಎಜೆ? ಮುಗೀತು, ಒಂದ್ಸಲ ನೋಡ್ತೀಯಾ? ಈಗೆಲ್ಲಿ ಹೊತ್ತು, ಕೊಡಿಲ್ಲಿ, ಚಿತ್ರ ತುಂಬಿದ ಪೆನ್‌ಡ್ರೈವ್ ಕಿತ್ತುಕೊಂಡು ಓಡಿದ, ಮುಂದಿನ ಸಾಲಲ್ಲೇ ಕೂರುತ್ತಾನೆ, ಕತ್ತು ಚಾಚಿ ತನ್ನನ್ನೇ ಹುಡುಕುತ್ತಾನೆ, ಪಕ್ಕದವರು ಕೇಳುತ್ತಾರೆ, ಮಗ ಎಲ್ಲಪ್ಪಾ. ಈಗ ಹೋಗಬಹುದು ನಾನು, ಎದ್ದು ಹೋಗಬಹುದು, ಕಿಟಕಿ ಮುಚ್ಚಲಿಲ್ಲ, ತೆಗೆದಿಟ್ಟ ತುಣುಕು ಮತ್ತೆ ಓಡುತ್ತಿದೆ, ಅಜ್ಜ ನಿಧಾನಕ್ಕೆ ಕೈ ಎತ್ತುತ್ತಾನೆ, ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ, ಹೇಳಿದಂತೆಯೇ ಕ್ಯಾಮೆರಾ ನೋಡುತ್ತಾನೆ, ಕ್ಯಾಮೆರಾ ಹಿಡಿದಿದ್ದವಳು ನಾನು, ಮತ್ತೆ ಕೈ ಎತ್ತುತ್ತಾನೆ, ಮತ್ತೆ ಬಾಯಿಯ ಮೇಲೆ ಆ ಅಂಗೈ —